ಹತ್ತು ನಿಮಿಷದ ಕುಣಿತ, ವರ್ಷವಿಡೀ ತಾಲೀಮು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಕಾಲೇಜಿನ ಜಾನಪದ ನೃತ್ಯ ತಂಡದ ಬಗ್ಗೆಯೇ ಇವೆ. ಮಳೆಗಾಲ ಅಲ್ವಾ, ಮುಂಬೈ ಕಾಲೇಜುಗಳಲ್ಲಿ ಯುವಜನೋತ್ಸವದ ತಾಲೀಮು ನಡೆಯುವ ಕಾಲ. ಬೇರೆ ಪ್ರಶ್ನೆಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.

ಪ್ರಶ್ನೆ: ಮಗಳು ಬಿ.ಕಾಂ. ಎರಡನೇ ವರ್ಷ. ಕಾಲೇಜು ದಾದರ್ ಹತ್ತಿರ. ಜೂನ್‌ನಲ್ಲಿ ಜಾನಪದ ನೃತ್ಯ ತಂಡಕ್ಕೆ ಸೇರಿದ್ದಾಳೆ. ವಾರದಲ್ಲಿ ನಾಲ್ಕು ದಿನ ಮನೆ ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಬಂದವಳೇ ಕಾಲು ಚಾಚಿ ಮಲಗುತ್ತಾಳೆ, ಪುಸ್ತಕ ಮುಟ್ಟುವುದಿಲ್ಲ. ಅದೂ ಧನಗರಿ ಗಜ ಅಂತೆ, ಮರಾಠಿ ಕುಣಿತ. ನಮ್ಮ ಕಡೆಯದಾದರೂ ಆಗಿದ್ದರೆ ಸುಮ್ನಿರುತ್ತಿದ್ದೆ. ಅವರಪ್ಪ ಬಿಡಿಸು ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಬಿಡಿಸಬೇಡಿ. ಆದರೆ ಈ ವಿಷಯದಲ್ಲಿ ನಾನು ಅವಳ ಪಕ್ಷದವಳು ಅಂತ ಮೊದಲೇ ಹೇಳಿಬಿಡುತ್ತೇನೆ. 1991ರ ಜೂನ್‌ನಿಂದ ಮುಂದಿನ ಫೆಬ್ರುವರಿವರೆಗೆ ನಾನು ಕುಣಿದದ್ದೂ ಇದೇ ಗಜ. ಹತ್ತು ಜನರಲ್ಲಿ ಕನ್ನಡದವಳು ನಾನೊಬ್ಬಳೇ. ಊರಲ್ಲಿ ಇದು ಗಂಡಸರ ಕುಣಿತ. ನಮ್ಮ ತಂಡದಲ್ಲಿ ಆರು ಹುಡುಗರು, ನಾಲ್ಕು ಹುಡುಗಿಯರು. ಬಿಳಿ ನಿಲುವಂಗಿ ಹಾಕಿ, ಪೇಟ ಸುತ್ತಿ, ಕೈಗೆ ಬಣ್ಣದ ಕರವಸ್ತ್ರ ತಗೊಂಡ ಮೇಲೆ ದೂರದಿಂದ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ.

ನೀವು ಕೊನೆಯಲ್ಲಿ ಬರೆದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ‘ನಮ್ಮ ಕಡೆಯದಾದರೂ ಆಗಿದ್ದರೆ’ ಅನ್ನುವುದನ್ನು. ನಮ್ಮಪ್ಪ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನವರು. ಮನೆಯಲ್ಲಿ ಕನ್ನಡ, ಸರಕಾರಿ ಕಾಗದವೆಲ್ಲ ಮರಾಠಿ. ಮುಂಬೈಗೆ ಬಂದು ಬಸ್ ಕಂಡಕ್ಟರ್ ಆದರು. ತಂಡ ಸೇರಿದ ವಿಷಯ ಎರಡು ವಾರ ಅವರಿಂದ ಮುಚ್ಚಿಟ್ಟಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿಬಿಟ್ಟೆ, ‘ಅಪ್ಪಾ, ನಮ್ಮ ಸರ್ ಬಿರೋಬಾನ ಹಾಡು ಕಲಿಸಿದರು.’ ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ‘ಅಯ್ಯ ಹುಚ್ಚಿ, ಬಿರೋಬಾ ಅಂದ್ರ ಮತ್ಯಾರು? ನಮ್ಮ ಬೀರಪ್ಪನ ಅಲ್ಲೇನು?’

ನನಗೆ ಗೊತ್ತೇ ಇರಲಿಲ್ಲ. ಧನಗರರು ಅಂದರೆ ಕುರಿ ಕಾಯುವವರು. ನಮ್ಮ ಕಡೆ ಅವರನ್ನೇ ಕುರುಬರು, ಹಾಲುಮತದವರು ಅನ್ನುತ್ತೇವೆ. ಅವರು ಬಿರೋಬಾ, ಬಿರದೇವ ಅಂದರೆ ಇವರು ಬೀರಪ್ಪ, ಬೀರಲಿಂಗೇಶ್ವರ ಅನ್ನುತ್ತಾರೆ. ಅಲ್ಲಿ ಓವಿ, ಇಲ್ಲಿ ಡೊಳ್ಳಿನ ಪದ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನಲ್ಲಿ ಹುಲಜಂತಿ ಅಂತ ಊರಿದೆ. ದೀಪಾವಳಿಗೆ ಅಲ್ಲಿ ಬೀರಪ್ಪನ ಶಿಷ್ಯ ಮಾಳಿಂಗರಾಯನ ಜಾತ್ರೆ. ಎರಡೂ ರಾಜ್ಯಗಳಿಂದ ಪಲ್ಲಕ್ಕಿಗಳು ಬಂದು ಸೇರುತ್ತವೆ, ಭಂಡಾರ ಎರಚಿ ಎರಚಿ ನೆಲವೆಲ್ಲ ಹಳದಿ ಆಗಿರುತ್ತದೆ. ಅಲ್ಲಿ ನಿಂತು ಈ ಡೊಳ್ಳು ಕನ್ನಡದ್ದು, ಆ ಢೋಲು ಮರಾಠಿಯದ್ದು ಅಂತ ವಿಂಗಡಿಸಿ ನೋಡೋಣ! ಆ ರಾತ್ರಿ ಅಪ್ಪ ತಟ್ಟೆಯ ಅಂಚಿನ ಮೇಲೆ ಬೆರಳಲ್ಲಿ ಬಡಿದು ಊರಿನ ಡೊಳ್ಳಿನ ಗತ್ತು ತೋರಿಸಿದರು. ಸಾರು ತಣ್ಣಗಾಯಿತು ಅಂತ ಅಮ್ಮ ಬೈದಳು. ಆಮೇಲೆ ನಾನು ತಡವಾಗಿ ಬಂದಾಗ ಅಪ್ಪ ಕೇಳುತ್ತಿದ್ದದ್ದು ‘ಎಲ್ಲಿದ್ದಿ’ ಅಂತ ಅಲ್ಲ, ‘ಇವತ್ತೇನು ಕಲಿಸಿದ್ರು’ ಅಂತ.

ಹಾಗಾಗಿ ನಿಮ್ಮ ಯಜಮಾನರಿಗೆ ಒಂದು ಸಲ ಅವಳ ತಾಲೀಮು ನೋಡಿ ಬರಲು ಹೇಳಿ. ಜಗಳ ಆಮೇಲೆ ಮಾಡಲಿ.

ಇನ್ನು ರಾತ್ರಿಯ ವಿಷಯ. ಇಲ್ಲಿ ನಿಮ್ಮ ಚಿಂತೆ ಸರಿಯೇ. ಏಳೂವರೆಗೆ ದಾದರ್ ಬಿಟ್ಟರೂ ಮನೆಗೆ ಬರುವಾಗ ಎಂಟೂವರೆ ದಾಟುತ್ತದೆ. ದೂರದಿಂದ ಬರುವವರನ್ನು ಏಳಕ್ಕೇ ಬಿಡಿ ಅಂತ ಕಲಿಸುವ ಸರ್ ಹತ್ತಿರ ನೀವೇ ಹೋಗಿ ಕೇಳಿ. ಕೇಳಿದರೆ ಬಿಡುತ್ತಾರೆ, ಕೇಳದಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಕಲ್ಯಾಣ ಲೈನಿನ ಹುಡುಗಿಯರೆಲ್ಲ ಒಟ್ಟಿಗೆ ಹತ್ತಲಿ. ನಾವು ಮೂವರು ಒಂದೇ ಲೇಡೀಸ್ ಡಬ್ಬಕ್ಕೆ ಹತ್ತುತ್ತಿದ್ದೆವು. ಘಾಟಕೋಪರ್ ದಾಟಿ ಜಾಗ ಸಿಕ್ಕರೆ ಒಬ್ಬಳು ನಿದ್ದೆ, ಇಬ್ಬರು ಕಾವಲು.

ಓದಿನ ಬಗ್ಗೆ ಸುಳ್ಳು ಹೇಳುವುದಿಲ್ಲ. ಆ ವರ್ಷ ಅಕೌಂಟ್ಸ್‌ನಲ್ಲಿ ನನಗೆ ಬಂದದ್ದು 41. ಅದಕ್ಕೆ ಕುಣಿತ ಕಾರಣ ಅಂತ ಮನೆಯಲ್ಲಿ ಹೇಳಿದೆ. ಕುಣಿಯದ ಹಿಂದಿನ ವರ್ಷ ಬಂದದ್ದು 43 ಅಂತ ಯಾರೂ ನೆನಪು ಮಾಡಲಿಲ್ಲ, ಪುಣ್ಯ. ಆದರೆ ಹಾಜರಿ ಮಾತ್ರ ನೋಡಿಕೊಳ್ಳಬೇಕು, 75 ಪರ್ಸೆಂಟ್ ಬೇಕು. ತಾಲೀಮಿನ ದಿನಗಳಿಗೆ ಹಾಜರಿ ಕೊಡುತ್ತಾರಾ, ಗ್ರೇಸ್ ಮಾರ್ಕಿಗೆ ಅರ್ಜಿ ಯಾವಾಗ ಅಂತ ಅವಳು ಈಗಲೇ ಆಫೀಸಿನಲ್ಲಿ ಕೇಳಿಟ್ಟುಕೊಳ್ಳಲಿ. ಮಾರ್ಚ್‌ನಲ್ಲಿ ಕೇಳಿದರೆ ಕ್ಲರ್ಕು ಕನ್ನಡಕದ ಮೇಲಿಂದ ನೋಡುತ್ತಾರೆ ಅಷ್ಟೇ.

ಪ್ರಶ್ನೆ: ಅಕ್ಕಾ, ನಮ್ಮ ಕಾಲೇಜು ತಂಡದಲ್ಲಿ ಈ ವರ್ಷ ಡೊಳ್ಳು ಕುಣಿತ ಮಾಡೋಣ ಅಂತ ನಾನೇ ಹೇಳಿದೆ, ಎಲ್ಲರೂ ಒಪ್ಪಿದರು. ಕನ್ನಡದವರು ಇಬ್ಬರೇ. ಡೊಳ್ಳು ಎಲ್ಲಿ ಸಿಗುತ್ತೆ? ಮಧ್ಯೆ ಸಿನಿಮಾ ಹಾಡಿನ ಬೀಟ್ ಸೇರಿಸಿದರೆ ಜನಕ್ಕೆ ಇಷ್ಟ ಆಗುತ್ತೆ ಅಂತಾರೆ. ಸೇರಿಸಬಹುದಾ?
– ವಾಶಿಯ ವಿದ್ಯಾರ್ಥಿ

ಉತ್ತರ: ಬೇಡಪ್ಪ. ಸಿನಿಮಾ ಬೀಟಿಗೆ ಡೊಳ್ಳು ಯಾಕೆ, ಸ್ಪೀಕರ್ ಸಾಕಲ್ವಾ? ಅಂತರ ವಿಶ್ವವಿದ್ಯಾಲಯದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಕುಣಿಯುವವರು ಹತ್ತು ಜನ, ಹಿಮ್ಮೇಳಕ್ಕೆ ಐದು, ಒಟ್ಟು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಡೊಳ್ಳಿನದೇ ಗತ್ತುಗಳು ಬೇಕಾದಷ್ಟಿವೆ. ಡೊಳ್ಳಾಸುರನ ಕಥೆಯನ್ನೂ ತಿಳಿದಿಟ್ಟುಕೊಳ್ಳಿ. ಶಿವ ಆ ರಾಕ್ಷಸನನ್ನು ಕೊಂದು ಅವನ ಚರ್ಮದಿಂದ ಡೊಳ್ಳು ಮಾಡಿದ ಅಂತ ಹೇಳುತ್ತಾರೆ. ಮರಾಠಿ ಹುಡುಗರಿಗೆ ಈ ಕಥೆ ಹೇಳಿದರೆ ಬಡಿಯುವ ಕೈಯೇ ಬೇರೆ ಆಗುತ್ತದೆ. ಬಿರೋಬಾನ ವಿಷಯವನ್ನೂ ಹೇಳಿ. ಇದು ಯಾರದೋ ಕುಣಿತ ಅಂತ ಅವರಿಗೆ ಅನಿಸುವುದಿಲ್ಲ.

ಡೊಳ್ಳನ್ನು ಮುಂಬೈ ಅಂಗಡಿಯಲ್ಲಿ ಹುಡುಕಬೇಡಿ. ಹತ್ತಿರದ ಕರ್ನಾಟಕ ಸಂಘದಲ್ಲಿ ವಿಚಾರಿಸಿ. ಹಾವೇರಿ, ಶಿವಮೊಗ್ಗ ಕಡೆ ನೆಂಟರಿದ್ದರೆ ಇನ್ನೂ ಒಳ್ಳೆಯದು, ಮಾಡುವವರ ಮನೆಗೇ ಹೋಗಿ ನೋಡಿ ತರಬಹುದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಕಲಿಸುವವರು ಬೇಕಾದರೆ ಅಲ್ಲಿಗೊಂದು ಪತ್ರ ಬರೆಯಿರಿ. ಮೊದಲ ತಿಂಗಳು ಖಾಲಿ ಕೈಯಲ್ಲೇ ಹೆಜ್ಜೆ ಕಲಿಯಿರಿ. ಹೊಸಬರು ಮೊದಲ ದಿನವೇ ಡೊಳ್ಳು ಕಟ್ಟಿಕೊಂಡು ಕುಣಿದರೆ ಎರಡನೇ ದಿನ ಸೊಂಟ ಹಿಡಿದುಕೊಂಡು ಬರುತ್ತಾರೆ.

ಮುಖ್ಯವಾದದ್ದು ಇನ್ನೊಂದಿದೆ, ಮಳೆ. ನಮ್ಮ ವಲಯ ಸ್ಪರ್ಧೆ ಇದ್ದದ್ದು ಆಗಸ್ಟ್‌ನಲ್ಲಿ. ಢೋಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಲಗೇಜ್ ಡಬ್ಬದಲ್ಲಿ ಮೀನಿನ ಬುಟ್ಟಿಗಳ ಪಕ್ಕ ಇಟ್ಟು ತಂದೆವು. ಇಳಿದು ಬಿಚ್ಚಿ ಬಡಿದರೆ ‘ಧಬ್’. ಒದ್ದೆ ಗೋಣಿಚೀಲಕ್ಕೆ ಗುದ್ದಿದ ಹಾಗೆ. ತೇವಕ್ಕೆ ಚರ್ಮ ಸಡಿಲಾಗಿತ್ತು. ಆ ಕಾಲೇಜಿನ ಕ್ಯಾಂಟೀನ್ ನಡೆಸುತ್ತಿದ್ದವರು ಉಡುಪಿ ಕಡೆಯವರು. ನಾನು ಕನ್ನಡದಲ್ಲಿ ಕೇಳಿದ್ದೇ ತಡ, ದೋಸೆ ಕಾವಲಿ ಪಕ್ಕದ ಒಲೆ ಖಾಲಿ ಮಾಡಿಸಿ ಕೊಟ್ಟರು. ‘ಹಪ್ಪಳ ಸುಟ್ಟ ಹಾಗೆ ತಿರುಗಿಸ್ತಾ ಇರು ಮಾರಾಯ್ತಿ. ಒಂದೇ ಕಡೆ ಹಿಡಿದ್ರೆ ಒಡೆದು ಹೋಗ್ತದೆ’ ಅಂದರು. ನಾನೂ ಢೋಲಿನ ಹುಡುಗನೂ ಎರಡು ಕಡೆ ಹಿಡಿದು ತಿರುಗಿಸಿದೆವು. ಅವನು ಆಗಾಗ ಉಗುರಲ್ಲಿ ತಟ್ಟಿ ಕಿವಿ ಹಚ್ಚುತ್ತಿದ್ದ. ಧಬ್, ಧಬ್, ಧಂ. ಆಮೇಲೆ ಒಂದು ಗಳಿಗೆಯಲ್ಲಿ ‘ಢಣ್’ ಅಂತು. ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

ಗೆದ್ದಿರಾ ಅಂತ ಕೇಳಬೇಡಿ. ನಮ್ಮ ಸರದಿ ಎರಡು ಗಂಟೆ ತಡವಾಯಿತು. ವೇದಿಕೆ ಹತ್ತುವಾಗ ಢೋಲು ಮತ್ತೆ ಧಬ್. ಆದ್ದರಿಂದ ಬಿಸಿ ಮಾಡುವ ವ್ಯವಸ್ಥೆ ವೇದಿಕೆ ಹತ್ತಿರವೇ ಇರಲಿ, ಬೇಗ ಅಲ್ಲ, ನಿಮಗಿಂತ ಮೊದಲಿನ ತಂಡ ಕುಣಿಯುತ್ತಿರುವಾಗ. ಬೆಂಕಿ ಹಚ್ಚಲು ಬಿಡುವುದಿಲ್ಲ. ಒಂದು ಹ್ಯಾಲೋಜನ್ ದೀಪ, ಉದ್ದನೆಯ ವಾಯರು ತಗೊಂಡು ಹೋಗಿ.

ಸೋತ ಮೇಲೆಯೇ ನಾವು ಜಾಸ್ತಿ ಕುಣಿದದ್ದು. ಗಣಪತಿ ಮಂಡಳಗಳು, ಬೇರೆ ಕಾಲೇಜುಗಳ ಗ್ಯಾದರಿಂಗು (ವಾರ್ಷಿಕೋತ್ಸವ), ಒಬ್ಬ ಪ್ರೊಫೆಸರ ಮಗನ ಮದುವೆ, ಎಲ್ಲ ಸೇರಿ 14 ಸಲ. ಪರೇಲ್‌ನ ಒಂದು ಗಣಪತಿ ಮುಂದೆ ಕುಣಿದಾಗ ಅಪ್ಪ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಹಿಂದೆ ನಿಂತಿದ್ದರು. ಮನೆಗೆ ಬಂದು ಹೇಳಿದ್ದು ಒಂದೇ ಮಾತು: ‘ಢೋಲು ಬಡಿಯಾಂವ ಭಾಳ ಅವಸರ ಮಾಡ್ತಾನ.’ ನಿಜವೇ. ಅವನನ್ನು ತಡೆದು ನಿಲ್ಲಿಸುವುದರಲ್ಲೇ ನಮ್ಮ ವರ್ಷ ಹೋಯಿತು.

ಪ್ರಶ್ನೆ: ತಾಲೀಮಿನ ನಂತರ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬು ನೋಯುತ್ತದೆ. ಬರಿಗಾಲಲ್ಲಿ ಕುಣಿಯುವುದರಿಂದಲಾ?
– ಥಾಣೆ

ಉತ್ತರ: ಬರಿಗಾಲಿಗಿಂತ ನೆಲ ನೋಡಿ. ಸಿಮೆಂಟ್ ಅಥವಾ ಟೈಲ್ಸ್ ಮೇಲೆ ದಿನಾ ಎರಡು ಗಂಟೆ ಹಾರಿದರೆ ನೋಯದೆ ಇರುತ್ತದಾ? ಮಣ್ಣಿನ ಮೈದಾನ ಅಥವಾ ಹಲಗೆಯ ವೇದಿಕೆ ಕೇಳಿ. ಹಾರುವ ಹೆಜ್ಜೆಗಳನ್ನು ದಿನ ಬಿಟ್ಟು ದಿನ ಮಾಡಿ, ಮನೆಗೆ ಬಂದು ಐಸ್ ಇಡಿ. ಸುಮ್ನೆ ಕೂತಾಗಲೂ ನೋವಿದ್ದರೆ, ಅಥವಾ ಒಂದೇ ಜಾಗದಲ್ಲಿ ಬೆರಳಿಟ್ಟರೆ ಜೀವ ಹೋಗುವಂತಿದ್ದರೆ ಕುಣಿತ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಪೇನ್‌ಕಿಲ್ಲರ್ ನುಂಗಿ ವೇದಿಕೆ ಹತ್ತಬೇಡಿ.

ಪ್ರಶ್ನೆ: ನಾನು ತಂಡದ ಹನ್ನೊಂದನೆಯವಳು, ಎಕ್ಸ್‌ಟ್ರಾ. ಕಳೆದ ವರ್ಷ ಒಂದು ದಿನವೂ ತಪ್ಪಿಸದೆ ಹೋದೆ. ವೇದಿಕೆ ಹತ್ತಿದ್ದು ಒಮ್ಮೆಯೂ ಇಲ್ಲ. ಬಟ್ಟೆ ಇಸ್ತ್ರಿ ಮಾಡಿದ್ದು, ಎಲ್ಲರ ಪರ್ಸು ಕಾದದ್ದು, ಅಷ್ಟೇ. ಈ ವರ್ಷವೂ ಅದೇ ನಡೀತಿದೆ. ಮುಂದುವರಿಸಬೇಕಾ?
– ಹೆಸರು ಬೇಡ, ಮುಲುಂಡ್

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಮ್ಮಲ್ಲೂ ಒಬ್ಬಳು ಎಕ್ಸ್‌ಟ್ರಾ ಇದ್ದಳು. ನಮ್ಮ ಪರ್ಸುಗಳನ್ನು ಅವಳೇ ಕಾಯುತ್ತಿದ್ದಳು. ಥ್ಯಾಂಕ್ಸ್ ಅಂತ ನಾನು ಒಂದು ಸಲವೂ ಹೇಳಿದ ನೆನಪಿಲ್ಲ. ಡಿಸೆಂಬರ್‌ನಲ್ಲಿ ನನಗೆ ಜ್ವರ ಬಂದು ಒಂದು ಪ್ರದರ್ಶನಕ್ಕೆ ಹೋಗಲಾಗಲಿಲ್ಲ. ಅವಳು ನನ್ನ ಜಾಗದಲ್ಲಿ ನಿಂತಳು. ಮರುದಿನ ಕೇಳಿದೆ, ಹೇಗಾಯಿತು? ‘ಚೆನ್ನಾಗಾಯ್ತು, ಸಾಲು ಒಂದು ಕಡೆನೂ ಬಾಗಲಿಲ್ಲ’ ಅಂದರು ಎಲ್ಲರೂ. ನನಗೆ ಹೊಟ್ಟೆ ಉರಿಯಿತು. ನಮ್ಮ ಹತ್ತೂ ಜನರ ಜಾಗ ಅವಳಿಗೆ ಬಾಯಿಪಾಠ ಆಗಿತ್ತು. ನನಗೆ ನನ್ನದೊಂದೇ ಗೊತ್ತಿತ್ತು.

ಆದರೆ ಎರಡು ವರ್ಷ ಪರ್ಸು ಕಾಯಿಸುವುದು ಅನ್ಯಾಯ. ಅದನ್ನು ತಾಳ್ಮೆ ಅಂತ ಹೊಗಳಲು ನಾನು ತಯಾರಿಲ್ಲ. ಸ್ಪರ್ಧೆಗೆ ಹತ್ತೇ ಜನ ಸರಿ. ಗಣಪತಿಗೆ, ಗ್ಯಾದರಿಂಗಿಗೆ ಯಾವ ನಿಯಮ ಇದೆ? ಅಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಕೂರಲಿ, ನೀವು ಕುಣಿಯಿರಿ. ಇದನ್ನು ಸರ್‌ಗೆ ಎಲ್ಲರ ಎದುರಿಗೇ ಕೇಳಿ, ಮೆಲ್ಲಗೆ ಕಿವಿಯಲ್ಲಿ ಅಲ್ಲ. ಆಮೇಲೆ ತಂಡದಲ್ಲಿ ಟಿ.ವೈ., ಅಂದರೆ ಕೊನೆಯ ವರ್ಷದವರು, ಎಷ್ಟು ಜನ ಇದ್ದಾರೆ ಎಣಿಸಿ. ಅವರೆಲ್ಲ ಏಪ್ರಿಲ್‌ಗೆ ಹೋಗುತ್ತಾರೆ. ಅವರಲ್ಲಿ ಯಾರ ಜಾಗ ನಿಮಗೆ ಬೇಕು ಅಂತ ಈಗಲೇ ಆರಿಸಿಕೊಂಡು, ಹೆಸರು ಹಿಡಿದು ಕೇಳಿ. ಕೊಡುವುದಿಲ್ಲ ಅಂದರೆ ಪರ್ಸುಗಳನ್ನು ಸರ್ ಕೈಗೇ ಕೊಟ್ಟು ಮನೆಗೆ ಬನ್ನಿ.