ನೋವು ಹೋಯಿತು, ಮಾತ್ರೆ ಬಿಡಬಹುದೇ?

ಪ್ರಶ್ನೆ: ನಾನು 61 ವರ್ಷದ ನಿವೃತ್ತ ಶಿಕ್ಷಕ. ಕಳೆದ ವರ್ಷ ದಿಬ್ಬ ಹತ್ತುವಾಗ ಎದೆ ಹಿಡಿದಂತಾಗಿ ಆಂಜಿಯೋಗ್ರಾಂ ಮಾಡಿಸಿದೆ. ಎರಡು ರಕ್ತನಾಳಗಳಲ್ಲಿ ಶೇ 70 ಮತ್ತು ಶೇ 80ರಷ್ಟು ಬ್ಲಾಕ್ ಇದೆ, ಸ್ಟೆಂಟ್ ಹಾಕಬೇಕು ಎಂದರು. ಭಯವಾಗಿ ಒಪ್ಪಲಿಲ್ಲ. ಪರಿಚಿತರೊಬ್ಬರ ಮಾತು ಕೇಳಿ, ಬ್ಲಾಕ್ ಕರಗಿಸುತ್ತೇವೆ ಎನ್ನುವ ಕೇಂದ್ರವೊಂದಕ್ಕೆ ಹೋದೆ. ಅಲ್ಲಿ ಕಾಲಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಒತ್ತುವ ಇಇಸಿಪಿ ಚಿಕಿತ್ಸೆಯನ್ನು ದಿನಕ್ಕೊಂದು ಗಂಟೆಯಂತೆ 35 ದಿನ ಕೊಟ್ಟರು. ಜೊತೆಗೆ ನಿಂಬೆ, ಶುಂಠಿ, ಬೆಳ್ಳುಳ್ಳಿ ರಸಕ್ಕೆ ಸೇಬಿನ ವಿನೆಗರ್ ಸೇರಿಸಿ ಕುದಿಸಿ, ಜೇನು ಬೆರೆಸಿದ ಕಷಾಯ. ಈಗ ದೇವಸ್ಥಾನದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತುತ್ತೇನೆ. ಬ್ಲಾಕ್ ಕರಗಿದೆ, ಮಾತ್ರೆ ಬೇಡ ಎಂದು ಅಲ್ಲಿ ಹೇಳಿದ್ದರಿಂದ ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್ ಬಿಟ್ಟು ಎರಡು ತಿಂಗಳಾಯಿತು. ಮಗಳು ದಿನವೂ ಜಗಳವಾಡುತ್ತಾಳೆ. ಮತ್ತೊಮ್ಮೆ ಆಂಜಿಯೋಗ್ರಾಂ ಮಾಡಿಸಿ ನೋಡಲೇ?
— ಓದುಗರು, ಸಾಗರ

ಉತ್ತರ: ಮೊದಲು ಮಾತ್ರೆಯ ವಿಚಾರ. ಈ ವಾರವೇ ಹಳೆಯ ಚೀಟಿ ಮತ್ತು ಆಂಜಿಯೋಗ್ರಾಂ ವರದಿಯೊಂದಿಗೆ ಹೃದ್ರೋಗ ತಜ್ಞರನ್ನು ಕಂಡು, ಬಿಟ್ಟ ಮಾತ್ರೆಗಳನ್ನು ಮತ್ತೆ ಆರಂಭಿಸಿ. ನಿಮ್ಮ ಮಗಳು ಹೇಳುತ್ತಿರುವುದು ಸರಿ.

ನಿಮ್ಮ ನೋವು ಕಡಿಮೆಯಾದದ್ದು ಭ್ರಮೆಯಲ್ಲ. ಹೃದಯ ಸಡಿಲಗೊಳ್ಳುವ ಕ್ಷಣದಲ್ಲಿ ಆ ಪಟ್ಟಿಗಳು ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಹೃದಯದ ಸ್ವಂತ ರಕ್ತನಾಳಗಳು ತುಂಬಿಕೊಳ್ಳುವುದೂ ಮುಖ್ಯವಾಗಿ ಅದೇ ಕ್ಷಣದಲ್ಲಿ. ಮಾತ್ರೆಯಿಂದ ನೋವು ತಗ್ಗದ, ಸ್ಟೆಂಟ್ ಅಥವಾ ಬೈಪಾಸ್ ಸಾಧ್ಯವಿಲ್ಲದ ರೋಗಿಗಳಿಗೆ ಇದನ್ನು ವೈದ್ಯರೂ ಸೂಚಿಸುವುದುಂಟು. ಆದರೆ ಅದು ಬ್ಲಾಕ್ ಕರಗಿಸುವುದಿಲ್ಲ. ಬ್ಲಾಕ್ ಎಂಬುದು ಕೊಳವೆಯೊಳಗೆ ಸಿಕ್ಕಿಕೊಂಡ ಕಸವಲ್ಲ. ಕೊಬ್ಬು, ಜೀವಕೋಶ, ಸುಣ್ಣದಂಶಗಳು ರಕ್ತನಾಳದ ಗೋಡೆಯೊಳಗೇ ವರ್ಷಗಟ್ಟಲೆ ಬೆಳೆದು ಆದ ಗಂಟು. ಕುಡಿದ ಕಷಾಯ ಅದನ್ನು ಅಳಿಸಲಾರದು.

ಇಲ್ಲಿ ಬಹಳ ಜನ ಎಡವುತ್ತಾರೆ. ನಡೆಯುವಾಗ ಬರುವ ನೋವು ಒಂದು, ಹೃದಯಾಘಾತ ಇನ್ನೊಂದು. ಅಷ್ಟೇನೂ ದೊಡ್ಡದಲ್ಲದ ಗಂಟೊಂದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಅದುವರೆಗೆ ನೋವೇ ಇಲ್ಲದವರಿಗೂ ಆಘಾತವಾಗಬಹುದು. ಗಂಟು ಬಿರಿಯದಂತೆ ಗಟ್ಟಿಗೊಳಿಸುವುದು ಅಟೋರ್ವಾಸ್ಟಾಟಿನ್‌ನ ಕೆಲಸ, ಹೆಪ್ಪುಗಟ್ಟುವುದನ್ನು ತಡೆಯುವುದು ಆಸ್ಪಿರಿನ್‌ನ ಕೆಲಸ. ನೀವು ಬಿಟ್ಟದ್ದು ಈ ಎರಡು ರಕ್ಷಣೆಗಳನ್ನು.

ಸ್ಟೆಂಟ್ ಬೇಡವೆಂದದ್ದು ತಪ್ಪೆಂದು ನಾನು ಹೇಳಲಾರೆ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ, ಹೃದಯ ರಕ್ತನಾಳದ ಕಾಯಿಲೆ ಏಕಾಏಕಿ ಉಲ್ಬಣಿಸದೆ ಸ್ಥಿರವಾಗಿದ್ದ 5,179 ರೋಗಿಗಳನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್‌ನತ್ತ ಹೋದವರಿಗೂ ಮಾತ್ರೆಯಿಂದಲೇ ಆರಂಭಿಸಿದವರಿಗೂ ಸಾವು ಮತ್ತು ಆಘಾತದಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆದರೆ ಎರಡೂ ಗುಂಪಿನವರಿಗೆ ಮಾತ್ರೆಗಳ ಚಿಕಿತ್ಸೆ ಇತ್ತು; ಎಡ ಮುಖ್ಯ ರಕ್ತನಾಳ ಕಿರಿದಾದವರನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ಬ್ಲಾಕ್ ಯಾವ ನಾಳದಲ್ಲಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಇದನ್ನೆಲ್ಲ ಕುಳಿತು ವಿವರಿಸದೆ, ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಿರುವ ರೋಗಿಯಿಂದಲೇ ಒಪ್ಪಿಗೆ ಕೇಳುವ ನಮ್ಮ ವೃತ್ತಿಯವರ ಆತುರ ಅನೇಕರನ್ನು ಇಂಥ ಕೇಂದ್ರಗಳತ್ತ ತಳ್ಳಿದೆ ಎಂಬುದು ನನಗೆ ನೋವಿನ ಸಂಗತಿ.

ನೋಡಿಬಿಡೋಣ ಎಂಬ ಕಾರಣಕ್ಕೆ ಮತ್ತೊಂದು ಆಂಜಿಯೋಗ್ರಾಂ ಬೇಡ. ಇಸಿಜಿ, ಎಕೋ, ಅಗತ್ಯವೆನಿಸಿದರೆ ಟ್ರೆಡ್‌ಮಿಲ್ ಪರೀಕ್ಷೆ ಸಾಕು. ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗಿರಲಿ. ಕಷಾಯ ಕುಡಿಯುತ್ತಿರುವುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಹೆಚ್ಚು ಬೆಳ್ಳುಳ್ಳಿ ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವದ ಸಂಭವ ಹೆಚ್ಚಬಹುದು. ಮೆಟ್ಟಿಲು ಹತ್ತುವುದನ್ನು ಎಷ್ಟರಮಟ್ಟಿಗೆ ಮುಂದುವರಿಸಬಹುದೆಂದು ಅವರನ್ನೇ ಕೇಳಿ.

ಕುಳಿತಿದ್ದಾಗಲೇ ನೋವು ಬಂದು ಹತ್ತು ನಿಮಿಷದಲ್ಲಿ ಇಳಿಯದಿದ್ದರೆ, ಬೆವರು ಅಥವಾ ಉಸಿರುಗಟ್ಟುವಿಕೆ ಇದ್ದರಂತೂ ಕೂಡಲೇ, 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ.