ಮದುವೆಯಾದ ಮೇಲೂ ಕೆಲಸ ಮುಂದುವರಿಸಲು ನಿಜವಾಗಿ ಆಗುತ್ತಾ?

"ಹುಡುಗನ ಮನೆಯವರು ಹಳೆ ಕಾಲದವರು. ನಾನು ಕೆಲಸಕ್ಕೆ ಹೋಗಲು ಅಭ್ಯಂತರ ಇಲ್ಲ ಎಂದಿದ್ದಾರೆ, ಆದರೂ ಯಾಕೋ ಭಯ" ಎಂದು ಬರೆದಿದ್ದೀರಿ. ಆ ಭಯ ಸುಮ್ನೆ ಬಂದದ್ದಲ್ಲ. ನನ್ನ ಮದುವೆಗೆ ಮೊದಲೂ ಇದೇ ಮಾತು ಹೇಳಿದ್ದರು. ಕೇಳಿ ನಿರಾಳವಾಗಿಬಿಟ್ಟಿದ್ದೆ.

ಅಭ್ಯಂತರ ಇಲ್ಲ ಅಂದರೆ ಹೋಗಬಹುದು ಅಂತ ಅಷ್ಟೇ. ಬೆಳಿಗ್ಗೆ ಅಡುಗೆ ಯಾರು ಮಾಡುತ್ತಾರೆ, ಮಗುವಿಗೆ ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ನೆಂಟರು ಬಂದ ದಿನವೇ ಮೀಟಿಂಗ್ ಇದ್ದರೆ ಏನು ಮಾಡುವುದು, ಇದ್ಯಾವುದೂ ಆ ಮಾತಿನಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಹುಡುಗಿ ಜೋರು ಅಂದುಕೊಳ್ಳುತ್ತಾರೆ ಎಂಬ ಅಂಜಿಕೆ.

ಇವತ್ತಿಗೂ ನನಗೆ ನೋವಾಗುವ ಸಂಗತಿ ಒಂದಿದೆ. ಮಗಳಿಗೆ ಎರಡು ವರ್ಷವಾಗಿದ್ದಾಗ ಆಫೀಸಿನಲ್ಲಿ ಟೀಮ್ ಲೀಡ್ ಆಗಿ ಎಂದರು. ಸಂಜೆ ತಡವಾಗುತ್ತದೆ, ಆಗಾಗ ಪರ ಊರಿಗೂ ಹೋಗಬೇಕು. ನಿಂತ ಜಾಗದಲ್ಲೇ "ಆಗಲ್ಲ ಸರ್" ಎಂದೆ. ಗಂಡನನ್ನು ಕೇಳಲಿಲ್ಲ, ಅತ್ತೆಯವರನ್ನೂ ಕೇಳಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಮಾತಿಗೆ ಮಾತು ಬಂದು ಹೇಳಿದಾಗ ಇವರು "ನನಗೆ ಹೇಳಲೇ ಇಲ್ವಲ್ಲ" ಎಂದರು. ಹೇಳಿದ್ದರೆ ಒಪ್ಪುತ್ತಿದ್ದರಾ? ಗೊತ್ತಿಲ್ಲ. ಯಾರೂ ಬೇಡ ಎನ್ನುವ ಮೊದಲೇ ಎಲ್ಲರ ಪರವಾಗಿ ನಾನೇ ಬೇಡ ಅಂದುಬಿಟ್ಟಿದ್ದೆ.

ಮೊದಲೆಲ್ಲ ಇದನ್ನು ಕಾನೂನೇ ಮಾಡುತ್ತಿತ್ತು. ಐರ್ಲೆಂಡಿನಲ್ಲಿ 1973ರವರೆಗೂ ಸರ್ಕಾರಿ ನೌಕರಿಯಲ್ಲಿದ್ದ ಹೆಣ್ಣುಮಕ್ಕಳು ಮದುವೆಯಾದರೆ ಕೆಲಸ ಬಿಡಬೇಕಿತ್ತು. ಈಗ ಯಾರೂ ಬಿಡು ಎನ್ನುವುದಿಲ್ಲ, ನಾವೇ ಹಿಂದೆ ಸರಿಯುತ್ತೇವೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಲೆಕ್ಕಗಳನ್ನು ಹಿಡಿದು ತೋರಿಸಿದ್ದಾರೆ: ಒಂದೇ ವೃತ್ತಿಯಲ್ಲಿರುವ ಗಂಡು ಹೆಣ್ಣಿನ ಗಳಿಕೆಯ ಅಂತರ ಬಹುಪಾಲು ಮೊದಲ ಮಗು ಹುಟ್ಟಿದ ಮೇಲೆ ಶುರುವಾಗುತ್ತದೆ. ಕರೆದಾಗೆಲ್ಲ ಬರುವವರಿಗೆ ಆಫೀಸು ಜಾಸ್ತಿ ಕೊಡುತ್ತದೆ. ಮನೆಯಲ್ಲೂ ಕರೆದಾಗ ಓಡಿ ಬರಲು ಒಬ್ಬರು ಬೇಕು. ಅದು ಯಾರು ಅಂತ ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ, ಅಲ್ವಾ?

ನಮ್ಮ ಮನೆಯಲ್ಲಿ ಬದಲಾವಣೆ ಶುರುವಾದದ್ದು ಒಂದು ಫೋನ್ ನಂಬರಿನಿಂದ. ಶಾಲೆಯ ಅರ್ಜಿಯಲ್ಲಿ ಮೊದಲ ನಂಬರ್ ನನ್ನದಿತ್ತು, ಅದನ್ನು ತೆಗೆದು ಇವರದು ಬರೆಸಿದೆವು. ಶಾಲೆಯ ಫೀಸು, ಲಸಿಕೆ, ಡಾಕ್ಟರ ಬಳಿ ಹೋಗುವುದು ಎಲ್ಲವನ್ನೂ ಪೂರ್ತಿ ಇವರಿಗೇ ಬಿಟ್ಟೆ. ನೆನಪಿಸುವುದನ್ನೂ ನಿಲ್ಲಿಸಿದೆ, ಅದೇ ತುಂಬ ಕಷ್ಟವಾಯಿತು. ಒಂದು ಸಲ ಲಸಿಕೆ ಹತ್ತು ದಿನ ತಡವಾಯಿತು. ನನಗೆ ಗೊತ್ತಿತ್ತು, ಹೇಳದೆ ತಡೆದುಕೊಂಡೆ. ಆಮೇಲೆ ಯಾವತ್ತೂ ತಪ್ಪಲಿಲ್ಲ.

ಅತ್ತೆಯವರಿಗೆ ಈಗಲೂ ಇದು ಒಗ್ಗಿಲ್ಲ. ಮಗ ಪಾತ್ರೆ ತೊಳೆಯುತ್ತಿದ್ದರೆ ಅಲ್ಲಿಂದ ಎದ್ದು ಹೋಗುತ್ತಾರೆ. ನಾನು ವಾದಕ್ಕಿಳಿಯುವುದಿಲ್ಲ. ಅವರು ಜೀವನವಿಡೀ ಒಬ್ಬರೇ ದುಡಿದರು, ಆಗ ಅವರ ಪಾತ್ರೆಗೆ ಕೈ ಹಚ್ಚಿದವರು ಯಾರೂ ಇರಲಿಲ್ಲ.

ನಿಮ್ಮ ಮದುವೆಗೆ ಇನ್ನೂ ಎರಡು ತಿಂಗಳಿದೆ ಎಂದಿದ್ದೀರಿ. ಹಿರಿಯರ ಮುಂದೆ ಬೇಡ, ಮೊದಲು ಹುಡುಗನ ಜೊತೆ ಮಾತಾಡಿ. ಮಗುವಿನ ಜ್ವರದ ಪ್ರಶ್ನೆಯಿಂದಲೇ ಶುರು ಮಾಡಿ. "ಅಮ್ಮ ನೋಡಿಕೊಳ್ಳುತ್ತಾರೆ ಬಿಡು" ಎಂದರೆ ಅಲ್ಲಿಗೇ ನಿಲ್ಲಿಸಬೇಡಿ, ಅಮ್ಮನಿಗೇ ಜ್ವರ ಬಂದರೆ ಯಾರು ಎಂದು ಕೇಳಿ.