ಪಕ್ಕದ ಸೀಟಿನಲ್ಲಿ ಕೂತ ಗಡ್ಡದವರು

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 722 ಎಂದು ಬರೆದಿದ್ದ ಹಳೇ ಮರ್ಸಿಡಿಸ್ ರೇಸ್ ಕಾರಿನ ಚಿತ್ರ ನೋಡಿದೆ. ಓಡಿಸುತ್ತಿರುವವರು ಸ್ಟರ್ಲಿಂಗ್ ಮಾಸ್ ಅಂತ ಗೊತ್ತು. ಪಕ್ಕದಲ್ಲಿ ಕೂತ ಗಡ್ಡದವರು ಯಾರು? ಅವರಿಗೆ ಅಲ್ಲೇನು ಕೆಲಸ? ನನ್ನ ಮಗ ರ‍್ಯಾಲಿಗಳಿಗೆ ಕೋ-ಡ್ರೈವರ್ ಆಗಿ ಹೋಗುತ್ತಾನೆ. ಓಡಿಸೋನು ಬೇರೆ, ಇವನು ಸುಮ್ನೆ ಕೂತು ಬರ್ತಾನೆ ಅಂತ ನೆಂಟರು ಆಡಿಕೊಳ್ಳುತ್ತಾರೆ. ಇನ್ನೊಂದು ಪ್ರಶ್ನೆ: ಅಂಥ ರೇಸು ಈಗ ಯಾಕಿಲ್ಲ? ಮತ್ತೆ ಶುರು ಮಾಡಬಾರದೇ?"

ಪ್ರಿಯ ಓದುಗರೇ,

ಆ ಗಡ್ಡದವರ ಹೆಸರು ಡೆನಿಸ್ ಜೆಂಕಿನ್ಸನ್. ಇಂಗ್ಲೆಂಡಿನವರು. 'ಮೋಟರ್ ಸ್ಪೋರ್ಟ್' ಪತ್ರಿಕೆಗೆ ರೇಸುಗಳ ವರದಿ ಬರೆಯುತ್ತಿದ್ದ ಪತ್ರಕರ್ತ. ಆದರೆ ಬರೀ ಪತ್ರಕರ್ತ ಅಂದರೆ ಅನ್ಯಾಯವಾಗುತ್ತದೆ. 1949ರಲ್ಲಿ ಎರಿಕ್ ಆಲಿವರ್ ಓಡಿಸಿದ ಸೈಡ್‌ಕಾರ್ ಬೈಕಿನಲ್ಲಿ ಜೊತೆಗಾರನಾಗಿ ವಿಶ್ವ ಚಾಂಪಿಯನ್ ಆಗಿದ್ದವರು ಅವರು. ತಿರುವಿನಲ್ಲಿ ಸೈಡ್‌ಕಾರ್ ಮಗುಚದ ಹಾಗೆ ತನ್ನ ಮೈಯನ್ನೇ ಹೊರಗೆ ಚಾಚಿ ತೂಕ ಹಾಕುವ ಕೆಲಸ ಅದು. ಇನ್ನೊಬ್ಬರ ಕೈಗೆ ಜೀವ ಕೊಟ್ಟು, ತಲೆ ಕೆಡಿಸಿಕೊಳ್ಳದೆ ಕೆಲಸ ಮಾಡುವುದು ಅವರಿಗೆ ಆಗಲೇ ಅಭ್ಯಾಸವಾಗಿತ್ತು.

ಚಿತ್ರ 1955ರ ಮಿಲ್ಲೆ ಮಿಲ್ಯಾ ರೇಸಿನದು. ಇಟಲಿಯ ಬ್ರೆಶಾದಿಂದ ಹೊರಟು, ಪೂರ್ವದ ಕರಾವಳಿ ಹಿಡಿದು ಪೆಸ್ಕಾರಾಕ್ಕೆ ಇಳಿದು, ಬೆಟ್ಟ ದಾಟಿ ರೋಮ್ ಮುಟ್ಟಿ, ಫ್ಲಾರೆನ್ಸ್, ಬೊಲೊನ್ಯಾ ಮೇಲೆ ಮತ್ತೆ ಬ್ರೆಶಾಕ್ಕೆ. ಸುಮಾರು 1,600 ಕಿಲೋಮೀಟರ್. ರೇಸ್ ಟ್ರ್ಯಾಕ್ ಅಲ್ಲ, ಜನ ದಿನಾ ಓಡಾಡುವ ರಸ್ತೆ. ಊರ ಚೌಕ, ರೈಲ್ವೆ ಗೇಟು, ಸೇತುವೆ, ಘಾಟಿ ಎಲ್ಲ ಅದರಲ್ಲೇ. ಐನೂರಕ್ಕೂ ಜಾಸ್ತಿ ಕಾರುಗಳು. ಸಣ್ಣ ಕಾರುಗಳು ಹಿಂದಿನ ರಾತ್ರಿಯಿಂದಲೇ ಒಂದೊಂದಾಗಿ ಹೊರಡುತ್ತಿದ್ದವು. ಕಾರಿನ ನಂಬರ್ ಅಂದರೆ ಅದು ಹೊರಟ ಹೊತ್ತು. 722 ಅಂದರೆ ಬೆಳಗ್ಗೆ 7 ಗಂಟೆ 22 ನಿಮಿಷ.

ಇಟಲಿಯ ಚಾಲಕರಿಗೆ ಆ ರಸ್ತೆಗಳು ಹುಟ್ಟೂರಿನ ದಾರಿ. ಹೊರಗಿನಿಂದ ಬಂದ ಮಾಸ್‌ಗೆ 1,600 ಕಿಲೋಮೀಟರ್‌ನ ಪ್ರತಿ ತಿರುವು ಬಾಯಿಪಾಠ ಆಗುವುದು ಹೇಗೆ? ಅದಕ್ಕೆ ಉಪಾಯ ಹುಟ್ಟಿದ್ದು ಜೆಂಕಿನ್ಸನ್ ಮತ್ತು ಅಮೆರಿಕದ ಚಾಲಕ ಜಾನ್ ಫಿಚ್ ಇಬ್ಬರ ಮಾತುಕತೆಯಲ್ಲಿ. ದಾರಿಯನ್ನು ಮೊದಲೇ ಬರೆದಿಟ್ಟುಕೊಳ್ಳೋಣ, ಪಕ್ಕದವನು ಅದನ್ನು ನೋಡಿ ಹೇಳುತ್ತಾ ಹೋಗಲಿ ಅಂತ. ಮೊದಲು ಫಿಚ್ ಜೊತೆಗೇ ಹೋಗಬೇಕಿದ್ದ ಜೆಂಕಿನ್ಸನ್ ಮಾಸ್ ಜೊತೆ ಹೋಗಲು ಫಿಚ್ ದೊಡ್ಡ ಮನಸ್ಸಿನಿಂದ ಒಪ್ಪಿದರು. ಆ ಮನುಷ್ಯನ ಹೆಸರನ್ನು ಜನ ಮರೆಯಬಾರದು ಅಂತ ನನಗೆ ಅನ್ನಿಸುತ್ತದೆ.

ರೇಸಿಗೆ ಮುಂಚೆ ಇಬ್ಬರೂ ಆ ದಾರಿಯಲ್ಲಿ ಹಲವು ಸಲ ಓಡಾಡಿದರು. ಜೆಂಕಿನ್ಸನ್ ಎಲ್ಲವನ್ನೂ ಬರೆದುಕೊಂಡರು. ಯಾವ ದಿಣ್ಣೆಯ ಆಚೆ ರಸ್ತೆ ನೇರ ಇದೆ, ಯಾವ ತಿರುವು ಮೋಸ ಮಾಡುತ್ತದೆ, ಎಲ್ಲಿ ರಸ್ತೆ ಜಾರುತ್ತದೆ. ತಿರುವುಗಳನ್ನು ಅಪಾಯಕ್ಕೆ ತಕ್ಕಂತೆ ವಿಂಗಡಿಸಿದರು. ಕೊನೆಗೆ ಎಲ್ಲವೂ ಸುಮಾರು ಐದೂವರೆ ಮೀಟರ್ ಉದ್ದದ ಒಂದೇ ಕಾಗದಕ್ಕೆ ಬಂತು. ಅದನ್ನು ಜಾತಕದ ಹಾಗೆ ಸುರುಳಿ ಸುತ್ತಿ ಅಲ್ಯೂಮಿನಿಯಂ ಡಬ್ಬಿಯೊಳಗೆ ಕೂರಿಸಿದರು. ಡಬ್ಬಿಗೆ ಪಾರದರ್ಶಕ ಕಿಟಕಿ. ಗುಬುಟು ತಿರುಗಿಸಿದರೆ ಕಾಗದ ಸರಿಯುತ್ತದೆ. ಗಾಳಿಗೆ ಹಾರುವ ಭಯವಿಲ್ಲ.

ಇನ್ನು ಓದಿದ್ದನ್ನು ಮಾಸ್‌ಗೆ ಮುಟ್ಟಿಸಬೇಕಲ್ಲ? ತೆರೆದ ಕಾರು, ಮೂರು ಲೀಟರಿನ ಎಂಟು ಸಿಲಿಂಡರ್ ಎಂಜಿನ್ನಿನ ಆರ್ಭಟ. ಮೈಕು, ಇಯರ್‌ಫೋನ್ ಹಾಕಿ ನೋಡಿದರು. ಪೂರ್ತಿ ಗಮನ ಕೊಟ್ಟು ಓಡಿಸುವಾಗ ಮಾಸ್ ತಲೆಗೆ ಮಾತು ಹೋಗುತ್ತಲೇ ಇರಲಿಲ್ಲ. ಕೊನೆಗೆ ಸುಮಾರು ಹದಿನೈದು ಕೈಸನ್ನೆಗಳನ್ನು ಗೊತ್ತು ಮಾಡಿಕೊಂಡರು.

ಈಗ ಆ ಕ್ಷಣವನ್ನು ಊಹಿಸಿಕೊಳ್ಳಿ. ಎದುರಿಗೆ ದಿಣ್ಣೆ. ಆಚೆ ಏನೂ ಕಾಣುವುದಿಲ್ಲ. ವೇಗ ಗಂಟೆಗೆ 270 ಕಿಲೋಮೀಟರ್ ಆಸುಪಾಸು, ಅಂದರೆ ಒಂದು ಸೆಕೆಂಡಿಗೆ 75 ಮೀಟರ್. ಪಕ್ಕದವರ ಕೈ ಹೇಳುತ್ತದೆ: ಆಚೆ ನೇರ ಇದೆ, ಒತ್ತು. ಮಾಸ್ ಕಾಲು ತೆಗೆಯಲಿಲ್ಲ. ಒಂದು ಕಡೆಯಂತೂ ಕಾರು ನಾಲ್ಕೂ ಚಕ್ರ ಎತ್ತಿ ಹಾರಿ, ನೆಟ್ಟಗೆ ಬಂದು ಇಳಿಯಿತು. ಜೆಂಕಿನ್ಸನ್ ಒಂದು ಸಾಲು ತಪ್ಪು ಓದಿದ್ದರೆ ಸಾಯುವವರಲ್ಲಿ ಅವರೂ ಒಬ್ಬರು. ಮಾಸ್ ಒಂದು ಸಲ ನಂಬದೆ ಬ್ರೇಕ್ ಒತ್ತಿದ್ದರೆ ಅಷ್ಟೂ ದಿನ ಬರೆದದ್ದು ದಂಡ. ನಿಮ್ಮ ನೆಂಟರಿಗೆ ಕಾಣದೇ ಇರುವುದು ಇದೇ. ಪಕ್ಕದವನು ದಾರಿ ತೋರಿಸುವುದಷ್ಟೇ ಅಲ್ಲ, ಓಡಿಸುವವನ ಹೆದರಿಕೆಯಲ್ಲಿ ಅರ್ಧವನ್ನು ತಾನು ಹೊರುತ್ತಾನೆ.

ಎಲ್ಲವೂ ಸಲೀಸಾಗಿ ಆಯಿತು ಅಂತ ಅಲ್ಲ. ಪಡೋವಾದಲ್ಲಿ ಮಾಸ್ ಹುಲ್ಲಿನ ಪಿಂಡಿಗಳಿಗೆ ಗುದ್ದಿದರು. ಒಂದು ನಿಮಿಷ ತಡವಾಗಿ ಹೊರಟಿದ್ದ ಇಟಲಿಯ ಚಾಲಕ ಕಾಸ್ಟೆಲೊಟ್ಟಿಯ ಫೆರಾರಿ ಅಲ್ಲೇ ಮುಂದೆ ಹೋಯಿತು. ಆಮೇಲೆ ಟೈರು ಸವೆದು ಅದು ನಿಲ್ಲಬೇಕಾಯಿತು. ಜೆಂಕಿನ್ಸನ್‌ಗೆ ದಾರಿಯಲ್ಲಿ ವಾಂತಿಯಾಯಿತು. ಪಕ್ಕಕ್ಕೆ ಬಗ್ಗಿದಾಗ ಕನ್ನಡಕ ಗಾಳಿಗೆ ಹಾರಿಹೋಯಿತು. ಆದರೆ ಅವರ ಹತ್ತಿರ ಇನ್ನೊಂದು ಕನ್ನಡಕ ಇತ್ತು! ಆ ಗೆಲುವಿನ ಪೂರ್ತಿ ಗುಟ್ಟು ನನಗೆ ಕಾಣುವುದು ಈ ಎರಡನೇ ಕನ್ನಡಕದಲ್ಲೇ.

10 ಗಂಟೆ 7 ನಿಮಿಷ 48 ಸೆಕೆಂಡಿಗೆ ಬ್ರೆಶಾಕ್ಕೆ ವಾಪಸ್. ಸರಾಸರಿ ಗಂಟೆಗೆ 157 ಕಿಲೋಮೀಟರ್‌ಗೂ ಜಾಸ್ತಿ. ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಎರಡನೆಯವರಾಗಿ ಬಂದವರು ಅಂಥದ್ದೇ ಕಾರಿನಲ್ಲಿದ್ದ ಮಹಾನ್ ಚಾಲಕ ಫಾಂಜಿಯೊ, 32 ನಿಮಿಷ ಹಿಂದೆ. ಅವರು ಒಬ್ಬರೇ ಓಡಿಸಿದ್ದರು. 1948ರಲ್ಲಿ ದಕ್ಷಿಣ ಅಮೆರಿಕದ ರೇಸೊಂದರಲ್ಲಿ ಅವರ ಪಕ್ಕದಲ್ಲಿದ್ದ ಗೆಳೆಯ ಅಪಘಾತದಲ್ಲಿ ತೀರಿಕೊಂಡಿದ್ದರು. ಆಮೇಲೆ ಅಂಥ ಹೊಣೆ ಅವರಿಗೆ ಬೇಡವಾಗಿತ್ತು. ಹಾಗಂತ 32 ನಿಮಿಷವನ್ನೂ ಕಾಗದದ ಸುರುಳಿಯ ಲೆಕ್ಕಕ್ಕೆ ಬರೆಯಬಾರದು. ಫಾಂಜಿಯೊ ಕಾರಿನ ಎಂಜಿನ್ ಕೈಕೊಟ್ಟು ಕೊನೆಗೆ ಏಳೇ ಸಿಲಿಂಡರಿನಲ್ಲಿ ಓಡುತ್ತಿತ್ತು. ಆದರೂ ಜೆಂಕಿನ್ಸನ್ ಇಲ್ಲದೆ ಆ ಗೆಲುವು ಸಾಧ್ಯವಿರಲಿಲ್ಲ ಎಂದು ಮಾಸ್ ತಾವೇ ಹೇಳಿದ್ದಾರೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 1957ರ ಮೇ 12ರಂದು ಗ್ವಿದಿತ್ಸೊಲೊ ಊರಿನ ಹತ್ತಿರ ಫೆರಾರಿಯೊಂದರ ಟೈರು ಒಡೆಯಿತು. ಚಾಲಕ ಪೊರ್ತಾಗೊ, ಜೊತೆಗಾರ ನೆಲ್ಸನ್, ರಸ್ತೆ ಬದಿ ನಿಂತು ನೋಡುತ್ತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಹಳೇ ರೂಪದ ರೇಸು ಅಲ್ಲಿಗೆ ನಿಂತಿತು. ನಿಲ್ಲಲೇಬೇಕಿತ್ತು. ಓಡಿಸುವವರು ಗೊತ್ತಿದ್ದೇ ಅಪಾಯಕ್ಕೆ ಇಳಿದವರು, ಅಪ್ಪನ ಕೈ ಹಿಡಿದು ನೋಡಲು ಬಂದ ಮಗು ಹಾಗಲ್ಲ. ಆ ಕಾರುಗಳ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಅದು ಮತ್ತೆ ಶುರುವಾಗಲಿ ಅಂತ ನಾನು ಬರೆಯಲಾರೆ. ಈಗ ಅದೇ ಹೆಸರಿನಲ್ಲಿ ನಡೆಯುವುದು ಹಳೇ ಕಾರುಗಳ ಓಟ. ವೇಗಕ್ಕಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ತಲುಪುವುದಕ್ಕೆ ಅಲ್ಲಿ ಅಂಕ.

ಆ ಕಾಗದದ ಸುರುಳಿ ಮಾಡಿದ ಕೆಲಸವನ್ನು ಇವತ್ತು ರ‍್ಯಾಲಿಗಳಲ್ಲಿ ಪೇಸ್ ನೋಟ್ಸ್ ಮಾಡುತ್ತವೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿಯಲ್ಲಿ ಕೋ-ಡ್ರೈವರ್ ಓದುವುದೂ ಅದನ್ನೇ. ಈಗ ಇಂಟರ್‌ಕಾಮ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೈಸನ್ನೆ ಬೇಕಿಲ್ಲ, ಅಷ್ಟೇ ವ್ಯತ್ಯಾಸ. ನಿಮ್ಮ ಮಗನ ನೋಟ್ಸ್ ಪುಸ್ತಕದ ಒಂದೆರಡು ಪುಟ ನಮಗೆ ಕಳಿಸಲು ಹೇಳಿ. ಯಾವ ಗುರುತಿಗೆ ಏನರ್ಥ ಅಂತ ಪಕ್ಕದಲ್ಲಿ ಅವನ ಕೈಯಲ್ಲೇ ಬರೆದಿರಲಿ. ಮುಂದಿನ ಸಂಚಿಕೆಯಲ್ಲಿ ಅವನ ಹೆಸರಿನಲ್ಲೇ ಹಾಕುತ್ತೇವೆ. ನೆಂಟರ ಮನೆಗೂ ಒಂದು ಪ್ರತಿ ಕಳಿಸಿಕೊಡಿ.

– ಸಂಪಾದಕ